ಪ್ರಿಂಟ್ ಹಾಕಿಸದ ಏಳು ಚಿತ್ರಗಳು

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಊರಮನೆಯ ಹೆಂಚು ಕೈಯಾಡಿಸುವ ಕೆಲಸ ನಡೆದಾಗ, ಅಟ್ಟದ ಮೇಲಿನ ಸಾಮಾನುಗಳನ್ನೆಲ್ಲ ಕೆಳಗಿಳಿಸಬೇಕಾಯಿತು. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಅಡಿಕೆ ಮಂಡಿಯ ಚೀಟಿಗಳ ಕಟ್ಟಿನ ಅಡಿಯಲ್ಲಿ ಅಕ್ಕನಿಗೆ ಒಂದು ಮಾಸಲು ಕವರು ಸಿಕ್ಕಿತು. ಒಳಗಿದ್ದದ್ದು ಮೂರು ಮೂರರಂತೆ ಕತ್ತರಿಸಿದ ನಾಲ್ಕು ತುಂಡು ನೆಗೆಟಿವ್‌ಗಳು. 1979ರಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ನಮ್ಮ ಮನೆಯಲ್ಲಿ ತೆಗೆದ ಮೊದಲ ರೀಲು ಅದು. ಹನ್ನೆರಡರಲ್ಲಿ ಐದು ಚಿತ್ರಗಳು ಆಲ್ಬಮ್ಮಿನ ಕಪ್ಪು ಹಾಳೆಗಳ ಮೇಲೆ ಇವತ್ತಿಗೂ ಇವೆ. ಉಳಿದ ಏಳನ್ನು ಅಪ್ಪಯ್ಯ ಪ್ರಿಂಟ್ ಹಾಕಿಸಲೇ ಇಲ್ಲ. ನನಗೆ ಫೋಟೋಗ್ರಫಿ ಎಂದರೇನೆಂದು ಕಲಿಸಿದ್ದು ಆ ಏಳು.

ಕ್ಯಾಮೆರಾ ತಂದವರು ಸೋದರಮಾವ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅವರು ಬೇಸಿಗೆ ರಜೆಗೆ ಬರುವಾಗ ಹಲಸಿನ ಹಪ್ಪಳದ ಆಸೆಯ ಜೊತೆಗೆ ಏನಾದರೊಂದು ಯಂತ್ರವನ್ನೂ ಹೊತ್ತು ತರುತ್ತಿದ್ದರು. ಒಂದು ವರ್ಷ ಟ್ರಾನ್ಸಿಸ್ಟರ್, ಇನ್ನೊಂದು ವರ್ಷ ಸೀಮೆಎಣ್ಣೆಯ ಹೊಸ ಬಗೆಯ ಒಲೆ. ಆ ವರ್ಷ ಕಂದು ಚರ್ಮದ ಚೀಲದೊಳಗಿಂದ ಹೊರಬಂದದ್ದು ಅಗ್ಫಾ ಕ್ಲಿಕ್ ಥ್ರೀ. ಬರೋಡಾದಲ್ಲಿ ತಯಾರಾಗುತ್ತಿದ್ದ ಈ ಕಪ್ಪು ಪ್ಲಾಸ್ಟಿಕ್ ಡಬ್ಬಿ ಆಗಿನ ಮಧ್ಯಮ ವರ್ಗದ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಆಗಿತ್ತು. ಅದರಲ್ಲಿ ತಿರುಗಿಸಿ ಕೆಡಿಸಬಹುದಾದ ಭಾಗಗಳೇ ಕಡಿಮೆ. ಲೆನ್ಸಿನ ಸುತ್ತ ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಬೆಳಕಿಗೆ ತೆರೆದು ಮುಚ್ಚುವ ಶಟರಿಗೆ ಒಂದೇ ವೇಗ. ಪಕ್ಕದ ಸಣ್ಣ ಲಿವರನ್ನು ಒತ್ತಿದರೆ ಕೇಳುವ ಸದ್ದು ಎಷ್ಟು ಸಣ್ಣದೆಂದರೆ, ಹಲ್ಲಿ ಲೊಚಗುಟ್ಟಿದರೆ ಅದಕ್ಕಿಂತ ದೊಡ್ಡದಾಗಿ ಕೇಳುತ್ತಿತ್ತು. ಇಷ್ಟೇ ಏನು ಎಂದು ಅಮ್ಮ ಬಹಿರಂಗವಾಗಿಯೇ ನಿರಾಶೆಗೊಂಡಿದ್ದಳು. ಮದುವೆ ಮನೆಗಳಲ್ಲಿ ಮಿಂಚು ಹೊಡೆಯುವ ಕ್ಯಾಮೆರಾ ನೋಡಿದವಳಿಗೆ ಸದ್ದೂ ಬೆಳಕೂ ಇಲ್ಲದ ಈ ಯಂತ್ರದ ಮೇಲೆ ನಂಬಿಕೆ ಹುಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ರೀಲು ತುಂಬಿಸುವ ಶಾಸ್ತ್ರ ಕೊಟ್ಟಿಗೆಯ ಪಕ್ಕದ ಹುಲ್ಲಿನ ಕೋಣೆಯಲ್ಲಿ ನಡೆಯಿತು, ಏಕೆಂದರೆ ಮನೆಯಲ್ಲಿ ಹಗಲಿನಲ್ಲಿಯೂ ನೆರಳು ದಟ್ಟವಾಗಿದ್ದ ಜಾಗ ಅದೊಂದೇ. ಮಾವ ತಂದಿದ್ದ ರೀಲಿನ ಹೆಸರು ‘ಇಂದು’. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯ ಮಾಲು. ಆ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿತೆಂದೂ, ಅದು ನಿಂತ ಜಾಗಕ್ಕೆ ಇಂದುನಗರ ಎಂದೇ ಹೆಸರೆಂದೂ ನಾನು ತಿಳಿದದ್ದು ಬಹಳ ವರ್ಷಗಳ ನಂತರ. ಆಗ ನನ್ನನ್ನು ಕಾಡಿದ್ದು ಹೆಸರು ಮಾತ್ರ. ಇಂದು ಎಂದರೆ ಚಂದ್ರ ಎಂದು ಸಂಸ್ಕೃತ ಓದಿದ್ದ ಅಪ್ಪಯ್ಯ ಅರ್ಥ ಹೇಳಿದರು. ನಾನು ತಿಳಿದಿದ್ದದ್ದು ಇಂದು ಎಂದರೆ ಇವತ್ತು ಎಂದು. ಇವತ್ತು ತೆಗೆದ ಚಿತ್ರವನ್ನು ಇವತ್ತೇ ನೋಡಬಹುದು ಎಂಬ ಭರವಸೆಯನ್ನು ಆ ಹೆಸರಿನಿಂದ ಪಡೆದುಕೊಂಡಿದ್ದೆ. ಆ ರೀಲು ಮುಗಿದು, ತೊಳೆದು, ಕೈಗೆ ಬರುವಷ್ಟರಲ್ಲಿ ಎಂಟು ತಿಂಗಳು ಕಳೆದಿದ್ದವು.

ಕ್ಯಾಮೆರಾದ ಬೆನ್ನಿನ ಮೇಲೆ, ನಾಲ್ಕಾಣೆ ನಾಣ್ಯಕ್ಕಿಂತ ಸಣ್ಣದಾದ ಒಂದು ಕೆಂಪು ಕಿಟಕಿ ಇತ್ತು. ನನ್ನ ಪಾಲಿಗೆ ಇಡೀ ಯಂತ್ರದಲ್ಲಿ ಜೀವವಿದ್ದದ್ದು ಅಲ್ಲಿಯೇ. ಫಿಲ್ಮಿನ ಬೆನ್ನಿಗೆ ಅಷ್ಟೇ ಅಗಲದ ಕಾಗದ ಅಂಟಿಕೊಂಡು ಸಾಗುತ್ತದೆ. ಆ ಕಾಗದದ ಮೇಲೆ ಅಂಕಿಗಳು ಅಚ್ಚಾಗಿರುತ್ತವೆ. ಮೇಲಿನ ಗುಂಡಿಯನ್ನು ತಿರುಗಿಸುತ್ತ ಕಿಟಕಿಗೆ ಕಣ್ಣಿಟ್ಟರೆ ಮೊದಲು ಏನೂ ಇಲ್ಲದ ಕೆಂಪು, ಆಮೇಲೆ ಸಣ್ಣ ಚುಕ್ಕಿಗಳು ಒಂದರ ಹಿಂದೊಂದು, ಕೊನೆಗೆ ಬಾವಿಯಿಂದ ಕೊಡ ಮೇಲೇರಿದ ಹಾಗೆ ನಿಧಾನವಾಗಿ 1 ಎಂಬ ಅಂಕಿ. ಕಿಟಕಿಗೆ ಕೆಂಪು ಏಕೆ ಎಂಬುದಕ್ಕೆ ಮಾವನ ಬಳಿ ಉತ್ತರವಿತ್ತು: ಹಿಂದಿನ ಕಾಲದ ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಆದರೆ ಈಗಿನವಕ್ಕೆ ಕೆಂಪೂ ಕಾಣುತ್ತದೆ, ಆದ್ದರಿಂದ ಬಿಸಿಲಿನಲ್ಲಿ ನಿಂತು ಗುಂಡಿ ತಿರುಗಿಸಬೇಡ ಎಂದು ಅವರು ಎಚ್ಚರಿಸಿದ್ದರು. ಈ ಅಳತೆಯ ಫಿಲ್ಮನ್ನು ಕೊಡಾಕ್ ಕಂಪನಿ 1901ರಲ್ಲಿ ತನ್ನ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾಕ್ಕಾಗಿ ತಂದದ್ದಂತೆ. ಎಂಬತ್ತು ವರ್ಷ ಹಳೆಯ ಏರ್ಪಾಡೊಂದು ಸಾಗರ ತಾಲೂಕಿನ ಹುಲ್ಲಿನ ಕೋಣೆಯಲ್ಲಿ ಹೊಸದಾಗಿ ಕಣ್ಣು ತೆರೆಯುತ್ತಿದೆ ಎಂಬ ಅರಿವು ನಮಗಾರಿಗೂ ಇರಲಿಲ್ಲ.

ಮಾವನ ನಿಯಮಗಳು ನಾಲ್ಕೇ. ಸೂರ್ಯ ನಿನ್ನ ಬೆನ್ನಿಗಿರಲಿ. ಹತ್ತಡಿಗಿಂತ ಹತ್ತಿರ ಹೋಗಬೇಡ. ಒತ್ತುವಾಗ ಉಸಿರು ಕಟ್ಟು. ಒತ್ತಿದ ಕೂಡಲೇ ಗುಂಡಿ ತಿರುಗಿಸು, ಮರೆಯಬೇಡ. ‘ಇದು ಹನ್ನೆರಡೇ ಮಾಣಿ, ಹದಿಮೂರನೇದಿಲ್ಲ’ ಎಂದು ಹೇಳಿ ಅವರು ಎರಡು ಚಿತ್ರ ತೆಗೆದು ತೋರಿಸಿ, ಮೂರನೆಯದಕ್ಕೆ ನನ್ನ ಕೈಗೆ ಕೊಟ್ಟು ಅಂಗಳದಲ್ಲಿ ತಾವೇ ನಿಂತರು. ರಜೆ ಮುಗಿದು ಬೆಂಗಳೂರಿಗೆ ಹೊರಡುವಾಗ ಕ್ಯಾಮೆರಾವನ್ನು ಅಪ್ಪಯ್ಯನ ಸುಪರ್ದಿಗೆ ಒಪ್ಪಿಸಿ ಹೋದರು. ಈ ನಾಲ್ಕು ನಿಯಮಗಳಲ್ಲಿ ನಾನು ಮುರಿಯದೆ ಉಳಿಸಿದ್ದು ಒಂದೂ ಇಲ್ಲ. ನೆಗೆಟಿವ್‌ಗಳ ಮೇಲೆ ಅದಕ್ಕೆಲ್ಲ ಸಾಕ್ಷಿ ಇದೆ.

ರೀಲಿನ ದುಡ್ಡಿಗೆ ಅರ್ಧ ತಿಂಗಳ ಕಾಫಿಪುಡಿ ಬರುತ್ತದೆಂದು ಅಮ್ಮ ಲೆಕ್ಕ ಹಾಕಿದ್ದರಿಂದ, ಒಂದೊಂದು ಚಿತ್ರಕ್ಕೂ ಮನೆಯಲ್ಲಿ ಸಣ್ಣ ಪಂಚಾಯಿತಿಯೇ ಸೇರುತ್ತಿತ್ತು. ತುಳಸಿಕಟ್ಟೆಯ ಮುಂದೆ ಅಕ್ಕ ಲಂಗ ದಾವಣಿಯಲ್ಲಿ ನಿಲ್ಲಬಹುದು; ಕರುವಿನ ಚಿತ್ರ ದಂಡ; ಗದ್ದೆಯ ಚಿತ್ರ ಯಾರಿಗೆ ಬೇಕು, ಗದ್ದೆ ಅಲ್ಲೇ ಇದೆಯಲ್ಲ. ಇದಕ್ಕಿಂತ ಗಟ್ಟಿಯಾದ ವಾದವನ್ನು ನಾನು ಆಮೇಲೆ ಯಾವ ಕಲಾ ವಿಮರ್ಶಕರಿಂದಲೂ ಕೇಳಿಲ್ಲ. ಮಳೆಗಾಲ ಹಿಡಿದ ಮೇಲೆ ಕ್ಯಾಮೆರಾ ಹೊರಬರುವ ಮಾತೇ ಇರಲಿಲ್ಲ. ನಮ್ಮ ಕಡೆ ಆಷಾಢದಲ್ಲಿ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ಫಿಲ್ಮಿನ ಮೇಲಿನ ಲೇಪವಾದರೋ ಮೂಳೆಯಿಂದ ತೆಗೆದ ಜೆಲಟಿನ್, ಬೂಷ್ಟಿಗೆ ಹಬ್ಬದೂಟ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಕಾವಿಗೆ ಹಾಳಾದೀತೆಂದು ಮಾವ ಕಾಗದ ಬರೆದಿದ್ದರು. ಕೊನೆಗೆ ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿಯ ಡ್ರಮ್ಮಿನೊಳಗೆ ಹೂತಿಟ್ಟಳು. ಹೀಗೆ ನಾಲ್ಕು ತಿಂಗಳು, ಆರು ಚಿತ್ರಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕ್ಯಾಮೆರಾ ಅಕ್ಕಿಯೊಳಗೆ ಮಲಗಿತ್ತು. ಅನ್ನಕ್ಕೆ ಅಕ್ಕಿ ಅಳೆಯಲು ಅಮ್ಮ ಕೈ ಹಾಕಿದಾಗಲೆಲ್ಲ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ.

ಮಳೆ ಹಿಂದಾದ ಮೇಲೆ ಜೋಗಕ್ಕೆ ಹೋದೆವು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಜೋಗವೆಂದರೆ ಮಳೆಗಾಲದ ಜೋಗ ಮಾತ್ರವಾಗಿತ್ತು. ಆ ವರ್ಷ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳುತ್ತಿದ್ದವು. ಅಲ್ಲಿ ನಾನು ಮೂರು ಒತ್ತಿದೆ. ಒಂದರಲ್ಲಿ ಬರೀ ಮಂಜು. ಇನ್ನೊಂದರಲ್ಲಿ, ಜಲಪಾತವೂ ಬರಲಿ ಮನೆಯವರೂ ಬರಲಿ ಎಂಬ ದುರಾಸೆಯಿಂದ ವ್ಯೂಫೈಂಡರಿಗೆ ಓರೆಯಾಗಿ ಕಣ್ಣಿಟ್ಟು, ಅಪ್ಪಯ್ಯ, ಅಮ್ಮ, ಅಕ್ಕ ಮೂವರ ತಲೆಯನ್ನೂ ಕತ್ತರಿಸಿದ್ದೇನೆ. ಕುತ್ತಿಗೆಯಿಂದ ಕೆಳಗೆ ಎಲ್ಲವೂ ಸ್ಪಷ್ಟ: ಅಪ್ಪಯ್ಯನ ಅಂಗಿಯ ಜೇಬಿನ ಪೆನ್ನು, ಅಮ್ಮ ಮುಷ್ಟಿಯಲ್ಲಿ ಹಿಡಿದ ಸೆರಗು, ಅಕ್ಕನ ಕೈಯಲ್ಲಿ ಅರ್ಧ ತಿಂದ ಜೋಳದ ತೆನೆ. ಮೂರನೆಯದು ಮಾತ್ರ ಆಲ್ಬಮ್ಮಿನಲ್ಲಿದೆ, ಎಲ್ಲರಿಗೂ ತಲೆ ಇದೆ, ಮುಖಗಳು ಪರೀಕ್ಷೆಗೆ ಕುಳಿತವರಂತಿವೆ.

ಅಡಿಕೆ ಕೊಯ್ಲಿನ ಹೊತ್ತಿಗೆ ಹನ್ನೆರಡನೆಯ ಅಂಕಿ ಮುಗಿಯಿತು. ಮಂಡಿಗೆ ಮೊದಲ ಅಡಿಕೆ ಹೊರಟ ದಿನ ಅಪ್ಪಯ್ಯ ನನ್ನನ್ನೂ ಸಾಗರಕ್ಕೆ ಕರೆದೊಯ್ದರು. ಪೇಟೆಯ ಆ ಸ್ಟುಡಿಯೋದಲ್ಲಿ ಮುಂದಿನ ಕೋಣೆಗೆ ಪರದೆಯ ಮೇಲೆ ಬಿಡಿಸಿದ ಅರಮನೆ ಮೆಟ್ಟಿಲು, ಹಿಂದಿನ ಕೋಣೆಗೆ ಕಪ್ಪು ಬಟ್ಟೆಯ ಬಾಗಿಲು. ‘ರೀಲು ತೊಳೆಯೋಕೆ ಒಂದು ವಾರ’ ಎಂದರು ಸ್ಟುಡಿಯೋದವರು. ಫಿಲ್ಮ್ ತೊಳೆಯುವಾಗ ಕೆಂಪು ದೀಪವೂ ಕೂಡದು, ಪೂರ್ತಿ ಕತ್ತಲೆಯೇ ಆಗಬೇಕು. ರೀಲಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಟ್ರೇಯಲ್ಲಿನ ಡೆವಲಪರ್ ಎಂಬ ಚಿತ್ರ ಮೂಡಿಸುವ ದ್ರಾವಣದೊಳಗೆ ಅದು ಮುಳುಗುತ್ತ ಏಳುತ್ತ ಹೋಗುವಂತೆ ಮೇಲೆ ಕೆಳಗೆ ಆಡಿಸುತ್ತಾರೆ. ಅದನ್ನು ನೋಡುವುದಕ್ಕೆ ಯಾರಿಗೂ ಸಾಧ್ಯವಿಲ್ಲ, ಮಾಡುವವರಿಗೂ ಇಲ್ಲ. ಮೊಸರು ಕಡೆಯುವವರು ಸದ್ದಿನಲ್ಲಿ ಬೆಣ್ಣೆ ಬಂತೆಂದು ತಿಳಿಯುವ ಹಾಗೆ ಅವರು ಕೈಯಲ್ಲಿಯೇ ತಿಳಿಯುತ್ತಿದ್ದಿರಬೇಕು.

ಮರುವಾರ ಹೋದಾಗ ನನ್ನ ಆಸೆಗಣ್ಣು ನೋಡಿ ಅವರು ಪ್ರಿಂಟ್ ಹಾಕುವುದನ್ನು ನೋಡಲು ಒಳಗೆ ಬಿಟ್ಟರು. ಪ್ರಿಂಟಿನ ಕಾಗದಕ್ಕೆ ಕೆಂಪು ತಾಗುವುದಿಲ್ಲವಾದ್ದರಿಂದ ಅಲ್ಲಿ ಸಣ್ಣದೊಂದು ಕೆಂಪು ಬಲ್ಬು ಇತ್ತು. ಕ್ಯಾಮೆರಾದ ಕಿಟಕಿಯೊಳಗೆ ನಾನೇ ನುಸುಳಿ ಕುಳಿತ ಹಾಗೆ ಆಯಿತು. ನೆಗೆಟಿವ್ ಆರು ಸೆಂಟಿಮೀಟರ್ ಚೌಕದಷ್ಟು ದೊಡ್ಡದಿದ್ದುದರಿಂದ ಹಿಗ್ಗಿಸುವ ಯಂತ್ರ ಬೇಕಿರಲಿಲ್ಲ, ಕಾಗದದ ಮೇಲೆ ನೇರವಾಗಿ ಇಟ್ಟು ಗಾಜು ಒತ್ತಿ ಬಿಳಿ ದೀಪ ಹಾಕಿದರೆ ಅಷ್ಟೇ ದೊಡ್ಡ ಚಿತ್ರ. ಅವರು ಬಾಯಲ್ಲಿ ಎಣಿಸಿ ದೀಪ ಆರಿಸಿದರು. ಖಾಲಿ ಕಾಗದವನ್ನು ಟ್ರೇಗೆ ಜಾರಿಸಿದರು. ಸ್ವಲ್ಪ ಹೊತ್ತು ಅದು ಖಾಲಿಯೇ ಇತ್ತು. ಆಮೇಲೆ ಬಂದದ್ದು ಮಾವನ ಮೀಸೆ. ಮುಖವಿಲ್ಲ, ತಲೆಯಿಲ್ಲ, ನೀರಿನಡಿಯಲ್ಲಿ ಒಂದು ಮೀಸೆ ಮಾತ್ರ, ಅದರ ಹಿಂದೆ ಕಣ್ಣಿನ ಎರಡು ಚುಕ್ಕೆ, ಕ್ರಾಪಿನ ಕಪ್ಪು, ಕೊನೆಗೆ ಮೈ ತುಂಬಿಕೊಂಡು ಇಡೀ ಮಾವ. ಕಪ್ಪಗಿರುವ ಭಾಗ ಮೊದಲು ಮೂಡುವುದು ರಸಾಯನದ ಸಹಜ ಕ್ರಮ ಎಂದು ಈಗ ಗೊತ್ತಿದೆ. ಆದರೂ ಬೆಂಗಳೂರಿನಲ್ಲಿರುವ ಮನುಷ್ಯನೊಬ್ಬ ಸಾಗರದ ಟ್ರೇಯಲ್ಲಿ ಮೀಸೆಯಿಂದ ಶುರುವಾಗಿ ಹುಟ್ಟಿದ್ದನ್ನು ನೋಡಿದ ಮೈ ಜುಮ್ಮೆನ್ನುವಿಕೆ ಇನ್ನೂ ಹೋಗಿಲ್ಲ.

ಆ ಕಪ್ಪೆಲ್ಲ ಬೆಳ್ಳಿ ಎಂದು ಅವರು ಹೇಳಿದರು. ಬೆಳಕು ತಾಗಿದ ಕಣಗಳು ಡೆವಲಪರಿನಲ್ಲಿ ಲೋಹದ ಬೆಳ್ಳಿಯಾಗಿ ಕಪ್ಪಾಗುತ್ತವೆ, ತಾಗದವು ಹೈಪೋ ಎಂಬ ಇನ್ನೊಂದು ದ್ರಾವಣದಲ್ಲಿ ಕರಗಿ ಹೋಗುತ್ತವೆ. ಹಳೆಯ ಹೈಪೋದಿಂದ ಬೆಳ್ಳಿ ತೆಗೆಯುವವರೂ ಇದ್ದಾರೆ. ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮ ಮೊದಲ ಬಾರಿಗೆ ಕ್ಯಾಮೆರಾದ ಬಗ್ಗೆ ಆಸಕ್ತಿ ತೋರಿಸಿ, ಎಷ್ಟು ರೀಲಿಗೆ ಒಂದು ಕುಂಕುಮದ ಭರಣಿ ಆದೀತು ಎಂದು ಕೇಳಿದಳು.

ಆದರೆ ಪ್ರಿಂಟು ಐದೇ. ಹೊರಗಿನ ಕೋಣೆಯಲ್ಲಿ ಅಪ್ಪಯ್ಯ ನೆಗೆಟಿವ್‌ಗಳನ್ನು ಬಾಗಿಲ ಬೆಳಕಿಗೆ ಹಿಡಿದು, ಸ್ಟುಡಿಯೋದವರ ಜೊತೆ ಸೇರಿ, ಗೋಟಡಿಕೆ ಆರಿಸಿ ತೆಗೆದ ಹಾಗೆ ಏಳನ್ನು ಬದಿಗೆ ಸರಿಸಿದ್ದರು. ಅಲುಗಿದ್ದು, ತಲೆ ಹೋದದ್ದು, ಮಂಜಿನದು. ಗುಂಡಿ ತಿರುಗಿಸಲು ಮರೆತು ಒಂದರ ಮೇಲೊಂದು ಒತ್ತಿದ್ದು. ಅದರಲ್ಲಿ ಜಗಲಿಯ ಮೇಲೆ ಅಪ್ಪಯ್ಯ ಓದುತ್ತಿದ್ದ ಪತ್ರಿಕೆಯೊಳಗಿಂದ ನಮ್ಮ ಹಸು ಗೌರಿ ತಲೆ ಹೊರಗೆ ಹಾಕಿತ್ತು. ನನಗೆ ಎಲ್ಲಕ್ಕಿಂತ ಹಿಡಿಸಿದ ಚಿತ್ರ ಅದು, ಅಪ್ಪಯ್ಯನಿಗೆ ಅದು ತಮ್ಮ ಗೌರವದ ಪ್ರಶ್ನೆ. ಇನ್ನೊಂದು ತುಂಡಿನ ಕೊನೆಯ ಚೌಕವನ್ನು ಸ್ಟುಡಿಯೋದವರು ನೋಡಿದವರೇ, ‘ಇದ್ರಲ್ಲಿ ಎಂತದೂ ಬಂದಿಲ್ಲ ಹೆಗಡೇರೆ, ಖಾಲಿ’ ಎಂದರು.

ಅದು ಖಾಲಿಯಲ್ಲ ಎಂದು ನನಗೊಬ್ಬನಿಗೇ ಗೊತ್ತಿತ್ತು. ಅಜ್ಜಿ ಫೋಟೋಕ್ಕೆ ನಿಲ್ಲುತ್ತಿರಲಿಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಸವೆಯುತ್ತದೆ ಎಂಬ ಮಾತು ಆ ಕಾಲದ ಹಿರಿಯರಲ್ಲಿ ಸಾಮಾನ್ಯವಾಗಿತ್ತು. ಅಜ್ಜಿಯ ಕಾರಣ ಇನ್ನೂ ಸರಳ. ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡವರೆಲ್ಲ ಸತ್ತವರು, ಅದಕ್ಕೆ ಈಗಲೇ ಅವಸರವೇನು ಎಂದು ಕೇಳುತ್ತಿದ್ದಳು. ಹಾಗಾಗಿ ನಾನು ಕದ್ದು ತೆಗೆಯಲು ಹೊರಟಿದ್ದೆ. ಅವಳು ದಿನಾ ಮಧ್ಯಾಹ್ನ ತೋಟಕ್ಕೆ ಇಳಿದು ಉದುರಿದ ಅಡಿಕೆ ಹಾಳೆಗಳನ್ನು, ಅಂದರೆ ಸೋಗೆಯ ಬುಡದ ಅಗಲ ಪೊರೆಗಳನ್ನು, ಆರಿಸಿ ತರುತ್ತಿದ್ದಳು. ಅಡಿಕೆ ತೋಟದ ಒಳಗೆ ನಡುಹಗಲಿನಲ್ಲಿ ಬಿಸಿಲುಕೋಲುಗಳು ಇಳಿಯುತ್ತವೆ, ಉಳಿದಂತೆ ಹಸಿರು ಮಬ್ಬು. ಕಾಲುವೆಯ ಆಚೆ ಕೆಂಪು ಸೀರೆಯ ಅಜ್ಜಿ ಬಗ್ಗಿ ಏಳುವಾಗ, ಬಾಳೆಯ ಮರೆಯಿಂದ, ಉಸಿರು ಕಟ್ಟಿ ಒತ್ತಿದೆ. ಕಣ್ಣಿಗೆ ಬೇಕಾದಷ್ಟು ಬೆಳಕಿತ್ತು. ಒಂದೇ ವೇಗದ ಶಟರಿಗೆ ಅದು ಬೆಳಕೇ ಅಲ್ಲ ಎಂಬುದನ್ನು ಕಣ್ಣು ಹೇಗೆ ಹೇಳಬೇಕು? ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ, ಫಿಲ್ಮಿಗೆ ಆ ದಾಕ್ಷಿಣ್ಯವಿಲ್ಲ ಎಂಬ ಪಾಠ ಅವತ್ತು ಸ್ಟುಡಿಯೋದ ಹೊಸ್ತಿಲಲ್ಲಿ ಆಯಿತು.

ಪ್ರಿಂಟು ಅಪ್ಪಯ್ಯನ ಪಾಲಾದವು, ನೆಗೆಟಿವ್‌ಗಳು ನನ್ನ ಪಾಲಿಗೆ ಬಂದವು. ಶಾಲೆಯಿಂದ ಬಂದು ಅವುಗಳನ್ನು ಗವಾಕ್ಷಿಗೆ ಹಿಡಿದು ನೋಡುವುದು ಅಭ್ಯಾಸವಾಯಿತು, ಹಾಗೆ ನೋಡುತ್ತ ನೋಡುತ್ತ ಓದಲು ಬಂತು. ಕಪ್ಪು ಆಕಾಶ, ಬಿಳಿ ಕೂದಲು, ಬೆಳಗುವ ನೆರಳು. ಮುಖದಲ್ಲಿ ಎಲ್ಲಿ ಬೆಳಕು ಬಿದ್ದಿದೆ ಎಂಬುದನ್ನು ಪ್ರಿಂಟಿಗಿಂತ ನೆಗೆಟಿವ್ ಚೆನ್ನಾಗಿ ಹೇಳುತ್ತದೆ, ಏಕೆಂದರೆ ಅಲ್ಲಿ ಗುರುತಿನವರು ಗುರುತಿಗೆ ಸಿಗುವುದಿಲ್ಲ. ಯಾರು ಎಂಬುದು ಅಳಿಸಿ ಹೋಗಿ ಬೆಳಕು ಮಾತ್ರ ಉಳಿದಿರುತ್ತದೆ. ಮುಂದೆ ನಾನು ಪೇಟೆಯಲ್ಲಿ ಓದುವಾಗ, ನೌಕರಿ ಸೇರಿದ ಮೇಲೆ, ಒಳ್ಳೆಯ ಕ್ಯಾಮೆರಾಗಳನ್ನು ಕೊಂಡು ಸಾವಿರಾರು ಚಿತ್ರ ತೆಗೆದಿದ್ದೇನೆ. ಎಂಬತ್ತರ ದಶಕದಲ್ಲಿ ಕಲರ್ ಬಂತು, ಮೂವತ್ತಾರು ಚಿತ್ರಗಳ ಸಣ್ಣ ರೀಲು ಬಂತು, ಕಿಟಕಿಯಿಲ್ಲದ ಕ್ಯಾಮೆರಾ ಬಂತು. ಕಲರ್ ನೆಗೆಟಿವಿನ ಕಿತ್ತಳೆ ಬಣ್ಣವನ್ನು ನನ್ನ ಕಣ್ಣು ಓದಲು ಒಪ್ಪಲೇ ಇಲ್ಲ. ಆ ಕಾಲದ ಬಗ್ಗೆ ಬರೆಯಲು ನನಗೆ ಹೆಚ್ಚೇನೂ ಇಲ್ಲ.

ಅಜ್ಜಿ 1984ರಲ್ಲಿ ತೀರಿಕೊಂಡಳು. ಅವಳ ಫೋಟೋ ಒಂದೂ ಇಲ್ಲ. ಶ್ರಾದ್ಧಕ್ಕೆ ಫೋಟೋ ಬೇಕಿಲ್ಲವಾದ್ದರಿಂದ ಯಾರಿಗೂ ಅದು ಕೊರತೆ ಎನಿಸಲೂ ಇಲ್ಲ.

ಹಂಪಿಯ ಚಿತ್ರಗಳ ಕತೆಯನ್ನು ಓದಿದಾಗ ನನಗೆ ಈ ಕವರು ನೆನಪಾಗಿತ್ತು, ಎಲ್ಲಿದೆ ಎಂಬುದು ಮಾತ್ರ ಮರೆತಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಗುಡಿಗೋಪುರಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದಿದ್ದ. ಅವು ಶತಮಾನಕ್ಕೂ ಹೆಚ್ಚು ಕಾಲ ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿದು, 1980ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದಾಗ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅವೇ ಚಿತ್ರಗಳನ್ನು ಮತ್ತೆ ತೆಗೆದರು. ಮೇಣದ ಕಾಗದ ಅಷ್ಟು ವರ್ಷ ತಾಳಿತೆಂದರೆ, ಅಡಿಕೆ ಚೀಟಿಗಳ ನಡುವೆ ‘ಇಂದು’ ಫಿಲ್ಮ್ ನಲವತ್ತೈದು ವರ್ಷ ತಾಳಿದ್ದು ದೊಡ್ಡ ವಿಷಯವೇನಲ್ಲ. ಊಟಿಯ ಕಾರ್ಖಾನೆ ಮಾತ್ರ ತಾಳಲಿಲ್ಲ, ಅದು ಮುಚ್ಚಿದೆ.

ಡಬ್ಬಿ ಸಿಕ್ಕ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪರದೆಯ ಚುಕ್ಕಿಗಳು ಚಿತ್ರದಲ್ಲಿ ಮೂಡದಿರಲೆಂದು ನಡುವೆ ಎರಡು ಬೆರಳು ಅಂತರ ಬಿಟ್ಟು, ನೆಗೆಟಿವ್‌ಗಳನ್ನು ಮೊಬೈಲಿನಲ್ಲಿ ತೆಗೆದು ಕಪ್ಪು ಬಿಳಿ ತಿರುವಿ ಹಾಕಿದೆ. ಅಂಚುಗಳಲ್ಲಿ ಬೂಷ್ಟು ಜೇಡರ ಬಲೆಯ ಹಾಗೆ ಕವಲೊಡೆದಿತ್ತು. ತಲೆಯಿಲ್ಲದ ಜೋಗ ಬಂತು, ಅಕ್ಕ ಜೋಳದ ತೆನೆ ನೋಡಿ ನಕ್ಕಳು. ಪತ್ರಿಕೆಯಿಂದ ಇಣುಕುವ ಗೌರಿ ಬಂದಳು. ಕೊನೆಯದನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೆ. ಬರಿಗಣ್ಣಿಗೆ ಅದು ಈಗಲೂ ಖಾಲಿ, ಗಾಜಿನಂತೆ ತಿಳಿ. ತಿರುವಿದಾಗ ಪೂರ್ತಿ ಕಪ್ಪು. ಕಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಎತ್ತುತ್ತ ಹೋದಂತೆ, ಟ್ರೇಯಲ್ಲಿ ಬಂದ ಹಾಗೆಯೇ, ಆದರೆ ತಲೆಕೆಳಗಾದ ಕ್ರಮದಲ್ಲಿ, ಮೊದಲು ಬೆಳಕಿದ್ದ ಕಡೆ ಬಂತು: ಎರಡು ಬಿಸಿಲುಕೋಲು, ನಾಲ್ಕಾರು ಮರದ ಕಾಂಡಗಳ ಒಂದು ಮಗ್ಗುಲು, ಕಾಲುವೆಯ ನೀರಿನ ಒಂದು ಗೆರೆ. ಕಾಲುವೆಯ ಆಚೆ, ಬಲಗಡೆಯ ಮರದ ಪಕ್ಕದಲ್ಲಿ, ಮಂಕಾಗಿ, ಮಕ್ಕಳ ಉಗುರಿನಷ್ಟು ಗಾತ್ರದ ಒಂದು ಆಕಾರ, ಮೇಲೆ ಬಾಗಿ, ಕೆಳಗೆ ಅಗಲವಾಗಿ ನಿಂತಿತ್ತು.

‘ನೋಡು, ಅಜ್ಜಿ’ ಎಂದೆ.

ಅಕ್ಕ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ‘ಅಜ್ಜಿ ಅಲ್ಲ ಮಾರಾಯ, ಅದು ಹಾಳೆ’ ಎಂದಳು.

ಹಾಳೆಯಾದರೆ ಇನ್ನೂ ಬೆಳ್ಳಗೆ ಬರಬೇಕಿತ್ತು, ಇದು ಬೂದು, ಕೆಂಪು ಸೀರೆ ಹೀಗೆಯೇ ಬರುತ್ತದೆ ಎಂದು ನಾನು ವಾದಿಸಿದೆ. ನೆನೆದ ಹಾಳೆಯೂ ಬೂದು ಬಣ್ಣವೇ ಎಂದು ಅವಳು. ಹಾಳೆ ತನ್ನಷ್ಟಕ್ಕೆ ನೆಟ್ಟಗೆ ನಿಂತುಕೊಳ್ಳುತ್ತದೆಯೇ ಎಂದು ಕೇಳಿದೆ.

‘ಅಜ್ಜಿ ಆರಿಸಿದ್ದನ್ನೆಲ್ಲ ಮರಕ್ಕೆ ಒರಗಿಸಿಡ್ತಿದ್ದಳಲ್ಲ’ ಎಂದು ಹೇಳಿ ಅವಳು ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದಳು.